ತೋಟಾ ನುಡಿದ ಸಾಕ್ಷಿ

ಜೀವ ಉಳಿಸಿಕೊಳ್ಳಲು ಗುಂಡು ಹೊಡೆದೆ ಎಂದವನನ್ನು ಕೋರ್ಟು ಎರಡು ಪ್ರಶ್ನೆ ಕೇಳುತ್ತದೆ. ಯಾಕೆ ಹೊಡೆದೆ? ಎಂಥ ಗುಂಡು ತುಂಬಿಟ್ಟಿದ್ದೆ? ಎರಡನೆಯ ಪ್ರಶ್ನೆ ದಕ್ಷಿಣ ಆಫ್ರಿಕಾದಲ್ಲಿ ನ್ಯಾಯಕ್ಕೆ ನೆರವಾಯಿತು. ಅಮೆರಿಕದ ಅರಿಜೋನಾದಲ್ಲಿ ನ್ಯಾಯದ ದಾರಿ ತಪ್ಪಿಸಿತು. ಈ ಕಥೆಯ ಒಂದು ಬೇರು ನಮ್ಮ ಕೋಲ್ಕತ್ತದ ಹೊರವಲಯದಲ್ಲೇ ಇದೆ.

ಪ್ರಿಟೋರಿಯಾ ಹೈಕೋರ್ಟ್, 2014ರ ಏಪ್ರಿಲ್ 9. ಪರದೆಯ ಮೇಲೆ ಒಂದು ವಿಡಿಯೊ ಓಡುತ್ತಿದೆ. ಶೂಟಿಂಗ್ ರೇಂಜ್‌ನಲ್ಲಿ ಕೈಬಂದೂಕು ಹಿಡಿದ ಯುವಕ, ಎದುರಿಗೆ ಒಂದು ಕಲ್ಲಂಗಡಿ ಹಣ್ಣು. ಗುಂಡು ತಗುಲಿದ್ದೇ ಹಣ್ಣು ಸಿಡಿದು ಚೂರುಚೂರಾಗುತ್ತದೆ. ‘ಝಾಂಬಿ ಸ್ಟಾಪರ್’ ಎಂಬ ಮಾತು ಕೇಳಿಸುತ್ತದೆ.

ಸಾಕ್ಷಿಕಟ್ಟೆಯಲ್ಲಿ ನಿಂತಿದ್ದವನು ಅದೇ ಯುವಕ, ಆಸ್ಕರ್ ಪಿಸ್ಟೋರಿಯಸ್. ಎರಡೂ ಕಾಲಿಗೆ ಕಾರ್ಬನ್ ಅಲಗು ಕಟ್ಟಿಕೊಂಡು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿ ಜಗತ್ತಿನ ಮನ ಗೆದ್ದವನು. ಸರ್ಕಾರಿ ವಕೀಲ ಗೆರಿ ನೆಲ್ ಪಾಟೀಸವಾಲಿಗೆ ನಿಂತಿದ್ದರು. ಹಣ್ಣಿಗೆ ಆದದ್ದೇ ರೀವಾ ಸ್ಟೀನ್‌ಕ್ಯಾಂಪ್ ತಲೆಗೂ ಆಯಿತು ಎಂದರು. ಆಕೆಯ ತಲೆಯ ಗಾಯದ ಚಿತ್ರ ತೋರಿಸಿ, ನೋಡು ಎಂದರು. ಪಿಸ್ಟೋರಿಯಸ್ ನೋಡಲಾರದೆ ಅತ್ತ.

ನಡೆದದ್ದು ಅದರ ಹಿಂದಿನ ವರ್ಷದ ಫೆಬ್ರುವರಿ 14ರಂದು, ಬೆಳಗು ಹರಿಯುವ ಮುಂಚೆ. ಪ್ರಿಟೋರಿಯಾದ ತನ್ನ ಮನೆಯಲ್ಲಿ ಪಿಸ್ಟೋರಿಯಸ್ ಶೌಚಾಲಯದ ಮುಚ್ಚಿದ ಬಾಗಿಲಿಗೆ ನಾಲ್ಕು ಗುಂಡು ಹೊಡೆದ. ಒಳಗಿದ್ದವಳು ಅವನ ಗೆಳತಿ ರೀವಾ. ಮೂರು ಗುಂಡು ತಗುಲಿದವು: ಸೊಂಟಕ್ಕೆ, ತೋಳಿಗೆ, ತಲೆಗೆ. ಮನೆಗೆ ಯಾರೋ ನುಗ್ಗಿದ್ದಾರೆಂದು ಹೆದರಿ ಹೊಡೆದೆ, ಅವಳೆಂದು ಗೊತ್ತಿರಲಿಲ್ಲ ಎಂಬುದು ಅವನ ವಾದ.

ಪೊಲೀಸ್ ಇಲಾಖೆಯ ಬಂದೂಕು ತಜ್ಞ ಕ್ಯಾಪ್ಟನ್ ಕ್ರಿಸ್ ಮಂಗೇನಾ ತಮ್ಮ ಸಾಕ್ಷ್ಯದಲ್ಲಿ ತೋಟಾದ ಸ್ವಭಾವವನ್ನು ಬಿಡಿಸಿಟ್ಟರು. 9 ಎಂಎಂ ಪಿಸ್ತೂಲಿನಲ್ಲಿ ಇದ್ದದ್ದು ‘ಬ್ಲ್ಯಾಕ್ ಟ್ಯಾಲನ್’ ಎಂದು ಹೆಸರಾದ ಬಗೆಯದು. ಮರದ ಬಾಗಿಲನ್ನು ತೂರಿಕೊಂಡು ಹೋಗುತ್ತದೆ, ಒದ್ದೆಯಾದ ಮೆತ್ತನೆಯ ಮಾಂಸಕ್ಕೆ ತಗುಲಿದಾಗ ಅರಳುತ್ತದೆ.

ಗೊತ್ತಿತ್ತೇ, ಗೊತ್ತಿರಲಿಲ್ಲವೇ?

ನ್ಯಾಯಾಧೀಶೆ ತೊಕೊಝಿಲೆ ಮಸಿಪಾ 2014ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟರು. ಅದು ಕೊಲೆಯಲ್ಲ, ನಿರ್ಲಕ್ಷ್ಯದಿಂದಾದ ಸಾವು. ಶಿಕ್ಷೆ ಐದು ವರ್ಷ. ಬಾಗಿಲ ಹಿಂದಿರುವವರು ಸಾಯಬಹುದೆಂದು ಆರೋಪಿ ಮುಂಗಂಡಿದ್ದ ಎಂಬುದು ಸಾಬೀತಾಗಿಲ್ಲ ಎಂದು ಅವರಿಗೆ ಅನಿಸಿತ್ತು.

ಸರ್ಕಾರ ಮೇಲ್ಮನವಿಗೆ ಹೋಯಿತು. 2015ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಆಫ್ ಅಪೀಲ್‌ನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ತೀರ್ಪನ್ನು ಕೊಲೆಗೆ ಬದಲಿಸಿದರು. ತೀರ್ಪು ಬರೆದ ಎರಿಕ್ ಲೀಚ್ ಅವರ ತರ್ಕ ಸರಳವಾಗಿತ್ತು. ಒಳಗಿದ್ದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಒಳಗೆ ಒಬ್ಬ ಮನುಷ್ಯ ಇದ್ದಾನೆಂದು ಆರೋಪಿಗೆ ಗೊತ್ತಿತ್ತು. ಶೌಚಾಲಯ ತೀರಾ ಇಕ್ಕಟ್ಟಿನದು, ಅಡಗಲು ಮೂಲೆಯಿಲ್ಲ. ಹೊಡೆದದ್ದು ನಾಲ್ಕು ಗುಂಡು. ಅದೂ ಬಾಗಿಲು ತೂರಿ, ದೇಹದಲ್ಲಿ ಅರಳಿ, ಭೀಕರ ಗಾಯ ಮಾಡಲೆಂದೇ ರೂಪುಗೊಂಡ ಗುಂಡು. ಸಾವು ಸಂಭವಿಸಬಹುದೆಂದು ಅವನಿಗೆ ಹೊಳೆದಿರಲೇಬೇಕು.

ತೋಟಾ ಇಲ್ಲಿ ಸರಿಯಾದ ಕಟಕಟೆಯಲ್ಲಿ ನಿಂತಿತ್ತು ಎಂದು ನಾನು ನಂಬುತ್ತೇನೆ. ಕ್ರೂರವಾದ ಗುಂಡು ಇಟ್ಟುಕೊಂಡಿದ್ದಾನೆ, ಆದ್ದರಿಂದ ಇವನು ಕ್ರೂರಿ ಎಂದು ಆ ಕೋರ್ಟು ಹೇಳಲಿಲ್ಲ. ಆ ಕ್ಷಣದಲ್ಲಿ ಇವನಿಗೆ ಏನು ಗೊತ್ತಿತ್ತು ಎಂದು ಕೇಳಿತು. ಬಂದೂಕು ಬಲ್ಲವನಿಗೆ ತನ್ನ ಗುಂಡು ಏನು ಮಾಡುತ್ತದೆ ಎಂಬುದು ಗೊತ್ತಿರುತ್ತದೆ. ಆ ಅರಿವಿಗೆ ತೋಟಾ ಪುರಾವೆಯಾಯಿತು, ಇಕ್ಕಟ್ಟಾದ ಕೋಣೆ ಮತ್ತು ನಾಲ್ಕು ಗುಂಡುಗಳ ಜೊತೆಗೆ.

ಕೊಲೆಗೆ ಮೊದಲು ಆರು ವರ್ಷ ಶಿಕ್ಷೆಯಾಯಿತು. 2017ರಲ್ಲಿ ಅದನ್ನು 13 ವರ್ಷ ಐದು ತಿಂಗಳಿಗೆ ಏರಿಸಿದರು. ಪಿಸ್ಟೋರಿಯಸ್ ಪೆರೋಲ್ ಮೇಲೆ ಹೊರಬಂದದ್ದು 2024ರ ಜನವರಿ 5ರಂದು.

■ ಹೆಸರಿನಲ್ಲೇ ಉಗುರು
*ವಿಂಚೆಸ್ಟರ್ ಕಂಪನಿಯ ‘ಬ್ಲ್ಯಾಕ್ ಟ್ಯಾಲನ್’ ಎಂದರೆ ಕರಿ ಉಗುರು. ಬೇಟೆಹಕ್ಕಿಯ ಕಾಲುಗುರು. ಗುಂಡಿನ ಮೈಗೆ ಕಪ್ಪು ಬಣ್ಣ. ದೇಹ ಹೊಕ್ಕಾಗ ಮೂತಿ ದಾಸವಾಳದಂತೆ ಬಿರಿದು, ಆರು ಎಸಳುಗಳ ತುದಿ ಚೂಪಾಗಿ ನಿಲ್ಲುತ್ತಿತ್ತು. ಜನಾಕ್ರೋಶ ಎದ್ದಾಗ 1993ರ ನವೆಂಬರ್‌ನಲ್ಲಿ ಕಂಪನಿ ಅದನ್ನು ಸಾರ್ವಜನಿಕ ಮಾರಾಟದಿಂದ ಹಿಂತೆಗೆದುಕೊಂಡಿತು. ಮರು ತಿಂಗಳು 7ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡ್ ರೈಲಿನಲ್ಲಿ ಒಬ್ಬ ಅದೇ ಗುಂಡಿನಿಂದ ಆರು ಜನರನ್ನು ಕೊಂದ. ಅಲ್ಲಿ ಗಂಡನನ್ನು ಕಳೆದುಕೊಂಡ ಕ್ಯಾರೊಲಿನ್ ಮೆಕಾರ್ತಿ ತಯಾರಕ ಕಂಪನಿ ಓಲಿನ್ ಮೇಲೆ ದಾವೆ ಹೂಡಿದರು. ಗುಂಡು ವಿನ್ಯಾಸದಂತೆಯೇ ಕೆಲಸ ಮಾಡಿದೆ, ಅದರಲ್ಲಿ ದೋಷವಿಲ್ಲ ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 1997ರಲ್ಲಿ ದಾವೆಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಮೆಕಾರ್ತಿ ಅಮೆರಿಕದ ಸಂಸತ್ತಿಗೆ ಆರಿಸಿ ಬಂದಾಗಿತ್ತು.*

ಅರಳುವ ಗುಂಡು ಯಾಕೆ?

ಹಾಲೋ ಪಾಯಿಂಟ್ ಗುಂಡಿನ ಮೂತಿಯಲ್ಲಿ ಒಂದು ಕುಳಿ ಇರುತ್ತದೆ. ದೇಹಕ್ಕೆ ಹೊಕ್ಕಾಗ ದ್ರವದ ಒತ್ತಡ ಆ ಕುಳಿಗೆ ತುಂಬಿ ಮೂತಿಯನ್ನು ಹೊರಕ್ಕೆ ಬಿರಿಯುತ್ತದೆ. ಗುಂಡು ಅಗಲವಾಗಿ, ವೇಗ ಕಳೆದುಕೊಂಡು, ಹೆಚ್ಚಾಗಿ ದೇಹದೊಳಗೇ ನಿಲ್ಲುತ್ತದೆ. ಪೂರ್ತಿ ತಾಮ್ರದ ಹೊದಿಕೆಯ ಮಾಮೂಲಿ ಗುಂಡು ಹಾಗಲ್ಲ. ಒಬ್ಬನನ್ನು ತೂರಿ ಹೊರಬಂದು ಹಿಂದೆ ನಿಂತವನಿಗೂ ತಗುಲಬಹುದು.

ಪೊಲೀಸರು ಇದನ್ನೇ ಬಳಸುವುದಕ್ಕೆ ಕಾರಣ ಅದು. ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆ 1998ರಲ್ಲಿ ಹಾಲೋ ಪಾಯಿಂಟ್‌ಗೆ ಬದಲಾಗುವುದಾಗಿ ಘೋಷಿಸಿದಾಗ ದೊಡ್ಡ ಗಲಾಟೆಯಾಯಿತು. ಹೊದಿಕೆಯ ಗುಂಡು ತೂರಿಹೋಗಿ ದಾರಿಹೋಕರಿಗೂ ಸಹೋದ್ಯೋಗಿಗಳಿಗೂ ತಗುಲುತ್ತಿದೆ ಎಂಬುದು ಇಲಾಖೆಯ ವಿವರಣೆ.

ಎಫ್‌ಬಿಐ ಕಲಿತ ಪಾಠ ಇನ್ನೊಂದು ದಿಕ್ಕಿನದು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಬ್ಯಾಂಕ್ ದರೋಡೆಕೋರರಿಬ್ಬರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಅದರ ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು. ಕಾಳಗದ ಆರಂಭದಲ್ಲೇ ಒಬ್ಬ ದರೋಡೆಕೋರನ ಎದೆ ಹೊಕ್ಕ 9 ಎಂಎಂ ಹಾಲೋ ಪಾಯಿಂಟ್ ಗುಂಡು ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಅವನು ಹೊಡೆಯುತ್ತಲೇ ಹೋದ. ಆಮೇಲೆ ಎಫ್‌ಬಿಐ ಜೆಲಟಿನ್ ಗಟ್ಟಿಗಳ ಮೇಲೆ ಪರೀಕ್ಷೆ ನಡೆಸಿ ಅಳತೆ ಗೊತ್ತುಮಾಡಿತು. ಗುಂಡು ಕನಿಷ್ಠ 12 ಇಂಚು ಹೋಗಬೇಕು, 18 ಇಂಚು ಮೀರಬಾರದು. ಹೆಚ್ಚು ಬಲದ 10 ಎಂಎಂ ಪಿಸ್ತೂಲನ್ನೂ ಅದು ಆರಿಸಿಕೊಂಡಿತು. ಈ 10 ಎಂಎಂ ಅನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಡಂಡಂ ಎಂಬ ಊರಿನ ಹೆಸರು

ಕೋಲ್ಕತ್ತಕ್ಕೆ ವಿಮಾನದಲ್ಲಿ ಹೋದವರು ಡಂಡಂನಲ್ಲಿ ಇಳಿದಿರುತ್ತಾರೆ. ಅರಳುವ ಗುಂಡಿಗೆ ಜಗತ್ತಿನಾದ್ಯಂತ ‘ಡಂಡಂ’ ಎಂಬ ಹೆಸರು ಬಂದದ್ದು ಅಲ್ಲಿನ ಮದ್ದುಗುಂಡಿನ ಕಾರ್ಖಾನೆಯಿಂದ.

1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಬ್ರಿಟಿಷ್ ಸೇನೆಗೆ ಒಂದು ದೂರು ಬಂತು. .303 ರೈಫಲ್‌ನ ಹೊದಿಕೆಯ ಗುಂಡು ದೇಹವನ್ನು ತೂರಿ ಆಚೆ ಹೋಗುತ್ತದೆ, ತಗುಲಿದವರು ಬೀಳದೆ ಮುನ್ನುಗ್ಗುತ್ತಾರೆ. ಡಂಡಂ ಕಾರ್ಖಾನೆಯಲ್ಲಿದ್ದ ಕ್ಯಾಪ್ಟನ್ ಬರ್ಟಿ ಕ್ಲೇ ಗುಂಡಿನ ಮೂತಿಯ ಹೊದಿಕೆಯನ್ನು ತೆಗೆದು ಒಳಗಿನ ಸೀಸವನ್ನು ಬಯಲಿಗೆ ಬಿಟ್ಟ. 1897ರ ತೀರಾ ಯುದ್ಧದಲ್ಲಿ ಅದು ವಾಯವ್ಯ ಗಡಿಯ ಪಠಾಣರ ಮೈಮೇಲೆ ಪ್ರಯೋಗವಾಯಿತು.

1899ರಲ್ಲಿ ಹೇಗ್ ನಗರದ ಶಾಂತಿ ಸಮಾವೇಶದಲ್ಲಿ ಇಂಥ ಗುಂಡನ್ನು ನಿಷೇಧಿಸುವ ಮಾತು ಬಂದಾಗ ಬ್ರಿಟನ್ ವಿರೋಧಿಸಿತು. ಅದರ ಪ್ರತಿನಿಧಿ ಜಾನ್ ಆರ್ಡಾ ಮಂಡಿಸಿದ ವಾದ ಇಂದು ಓದಿದರೆ ಮೈ ಉರಿಯುತ್ತದೆ. ನಾಗರಿಕ ಸೈನಿಕ ಗಾಯವಾದರೆ ಹಿಂದೆ ಸರಿಯುತ್ತಾನೆ, ಅನಾಗರಿಕ ಸರಿಯುವುದಿಲ್ಲ, ಅವನನ್ನು ತಡೆಯಲು ಬೇರೆ ಗುಂಡು ಬೇಕು ಎಂಬುದು ಅದರ ತಿರುಳು. ಹಾಗಿದ್ದೂ ನಿಷೇಧ ಜಾರಿಯಾಯಿತು. ಬ್ರಿಟನ್ 1907ರಲ್ಲಿ ಒಪ್ಪಿಕೊಂಡಿತು. ಅಮೆರಿಕ ಆ ಘೋಷಣೆಗೆ ಸೇರಲೇ ಇಲ್ಲ.

ಯುದ್ಧದಲ್ಲೇ ನಿಷೇಧಿಸಿದ ಗುಂಡನ್ನು ಈತ ಮನೆಯಲ್ಲಿ ಇಟ್ಟುಕೊಂಡಿದ್ದ ಎಂಬ ಮಾತು ಅಮೆರಿಕದ ಕೋರ್ಟುಗಳಲ್ಲಿ ಮರಳಿ ಮರಳಿ ಕೇಳಿಬರುತ್ತದೆ. ಕೇಳಿದವರ ಎದೆ ಝಲ್ಲೆನ್ನುತ್ತದೆ. ಆದರೆ ಹೇಗ್ ಘೋಷಣೆ ದೇಶ ದೇಶಗಳ ನಡುವಿನ ಯುದ್ಧಕ್ಕೆ ಸೇರಿದ್ದು. ಸಂತೆಯ ಜನರ ನಡುವೆ ನಿಂತ ಪೊಲೀಸನಿಗೆ, ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುವ ಮನೆಯವನಿಗೆ ತೂರಿಹೋಗದ ಗುಂಡೇ ಕಡಿಮೆ ಅಪಾಯದ್ದು. ಇದನ್ನು ಹೇಳಬಲ್ಲ ತಜ್ಞ ಕಟಕಟೆಗೆ ಬರದಿದ್ದರೆ ಮೊದಲ ಮಾತೊಂದೇ ಜ್ಯೂರಿಯ ಮನಸ್ಸಿನಲ್ಲಿ ಉಳಿಯುತ್ತದೆ.

ಅರಿಜೋನಾದ ಕಾಡುದಾರಿ

2004ರ ಮೇ 11. ಅರಿಜೋನಾದ ಪೈನ್ ಊರಿನ ಬಳಿ, ಹೆರಾಲ್ಡ್ ಫಿಶ್ ಎಂಬ ನಿವೃತ್ತ ಶಿಕ್ಷಕ ಒಬ್ಬರೇ ಚಾರಣ ಮುಗಿಸಿ ಬರುತ್ತಿದ್ದರು. ಏಳು ಮಕ್ಕಳ ತಂದೆ. ಅವರೇ ಹೇಳಿದ ಪ್ರಕಾರ, ಕಟ್ಟದೆ ಬಿಟ್ಟ ನಾಯಿಗಳು ಅವರ ಮೇಲೆ ಎರಗಿ ಬಂದವು. ಅವರು ನೆಲಕ್ಕೆ ಒಂದು ಗುಂಡು ಹೊಡೆದು ಬೆದರಿಸಿದರು. ನಾಯಿಗಳ ಜೊತೆಗಿದ್ದ ವ್ಯಕ್ತಿ ಕಿರುಚುತ್ತ, ಕೊಲ್ಲುವುದಾಗಿ ಬೆದರಿಸುತ್ತ ಇಳಿಜಾರಿನಲ್ಲಿ ಅವರತ್ತ ಓಡಿಬಂದ. ನಿಲ್ಲು ಎಂದರೂ ನಿಲ್ಲಲಿಲ್ಲ. ಫಿಶ್ ಎದೆಗೆ ಮೂರು ಗುಂಡು ಹೊಡೆದರು. ಆ ಮನುಷ್ಯ ಸತ್ತ. ಅವನ ಕೈಯಲ್ಲಿ ಆಯುಧ ಇರಲಿಲ್ಲ. ಇದನ್ನು ಕಣ್ಣಾರೆ ಕಂಡ ಮೂರನೆಯವರೂ ಇರಲಿಲ್ಲ.

ಫಿಶ್ ಕೈಲಿದ್ದದ್ದು 10 ಎಂಎಂ ಪಿಸ್ತೂಲು. ಒಳಗೆ ಹಾಲೋ ಪಾಯಿಂಟ್ ತೋಟಾ. 2006ರ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ಇವೆರಡನ್ನೂ ಎತ್ತಿ ಹಿಡಿಯಿತು. ಪೊಲೀಸರು ಸಾಮಾನ್ಯವಾಗಿ ಇಟ್ಟುಕೊಳ್ಳುವುದಕ್ಕಿಂತ ಬಲವಾದ ಪಿಸ್ತೂಲು ಎಂದಿತು. ಒಮ್ಮೆ ಎಫ್‌ಬಿಐ ತಾನೇ ಆರಿಸಿಕೊಂಡಿದ್ದ ಅಳತೆ ಅದು. ಫಿಶ್ ಎರಡನೇ ದರ್ಜೆಯ ಕೊಲೆಯ ದೋಷಿಯಾದರು. ಹತ್ತು ವರ್ಷ ಜೈಲು.

ಆಮೇಲೆ ಎನ್‌ಬಿಸಿ ವಾಹಿನಿಯ ಕಾರ್ಯಕ್ರಮವೊಂದರಲ್ಲಿ ಜ್ಯೂರಿ ಸದಸ್ಯರು ಮಾತಾಡಿದರು. ಹಾಲೋ ಪಾಯಿಂಟ್ ವಿಚಾರ ತನ್ನನ್ನು ಬಹಳ ಕಾಡಿತು, ಆ ಗುಂಡು ಇರುವುದೇ ಹೆಚ್ಚು ಹಾನಿ ಮಾಡಲು, ಕೊಲ್ಲಲು ಎಂಬ ಅರ್ಥದ ಮಾತನ್ನು ಒಬ್ಬರು ಹೇಳಿದರು. ಅಮೆರಿಕದ ಬಂದೂಕು ತರಬೇತುದಾರರು ಇಂದಿಗೂ ಉದಾಹರಿಸುವುದು ಆ ಮಾತನ್ನು.

ಇಲ್ಲಿ ತೋಟಾ ತಪ್ಪು ಪ್ರಶ್ನೆಗೆ ಉತ್ತರ ಕೊಟ್ಟಿತು. ಎದೆಗೆ ಗುರಿಯಿಟ್ಟು ಹೊಡೆದರೆ ಸಾವು ಬರಬಹುದೆಂದು ಫಿಶ್‌ಗೆ ಗೊತ್ತಿತ್ತು, ಅದನ್ನು ಅವರು ಅಲ್ಲಗಳೆಯಲೇ ಇಲ್ಲ. ತೀರ್ಮಾನ ಆಗಬೇಕಿದ್ದದ್ದು ಒಂದೇ ವಿಷಯ. ಓಡಿಬರುತ್ತಿದ್ದ ಆ ಮನುಷ್ಯ ತನ್ನ ಜೀವಕ್ಕೆ ಎರವಾಗುತ್ತಾನೆಂದು ಅವರು ನಂಬಿದ್ದು ಸಕಾರಣವೇ? ಪಿಸ್ತೂಲಿನೊಳಗೆ ಯಾವ ಗುಂಡು ಇತ್ತು ಎಂಬುದು ಈ ಪ್ರಶ್ನೆಗೆ ಒಂದಕ್ಷರವನ್ನೂ ಸೇರಿಸುವುದಿಲ್ಲ. ಅಂಗಡಿಯಲ್ಲಿ ತೋಟಾ ಕೊಂಡ ದಿನ ಎದುರಾಳಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಗುಂಡಿನ ಬಗೆಯಿಂದ ಜ್ಯೂರಿ ಕಟ್ಟಿಕೊಂಡದ್ದು ಆ ಮನುಷ್ಯನ ಗುಣದ ಚಿತ್ರವನ್ನು. ಕೊಲ್ಲಲು ಹಾತೊರೆಯುವವನು ಎಂಬ ಚಿತ್ರ.

2009ರ ಜೂನ್‌ನಲ್ಲಿ ಅರಿಜೋನಾದ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ರದ್ದು ಮಾಡಿತು. ಅದಕ್ಕೆ ಕೊಟ್ಟ ಕಾರಣಗಳು ಬೇರೆ. ಸತ್ತವನು ತನ್ನ ನಾಯಿಗಳ ವಿಚಾರದಲ್ಲಿ ಹಿಂದೆಯೂ ಹೇಗೆ ಕೆರಳಿದ್ದ ಎಂಬ ಸಾಕ್ಷ್ಯವನ್ನು ಜ್ಯೂರಿಯಿಂದ ಮರೆಮಾಡಲಾಗಿತ್ತು, ಜ್ಯೂರಿಗೆ ಕೊಟ್ಟ ಕಾನೂನಿನ ವಿವರಣೆಯಲ್ಲೂ ಲೋಪ ಇತ್ತು. ಫಿಶ್ ಬಿಡುಗಡೆಯಾದರು, 2012ರಲ್ಲಿ ತೀರಿಕೊಂಡರು. ಅವರ ಪ್ರಕರಣ ಕಾನೂನನ್ನೂ ಅಲ್ಲಾಡಿಸಿತು. ಘಟನೆ ನಡೆದಾಗ ಅರಿಜೋನಾದಲ್ಲಿ ಆತ್ಮರಕ್ಷಣೆಯನ್ನು ಸಾಬೀತುಪಡಿಸುವ ಹೊರೆ ಆರೋಪಿಯ ಮೇಲಿತ್ತು. 2006ರಲ್ಲಿ ಅದು ಸರ್ಕಾರದ ಹೆಗಲಿಗೆ ಬಂತು, ಆದರೆ ಹಳೆಯ ಘಟನೆಗೆ ಅನ್ವಯಿಸದು ಎಂದಾಯಿತು. ಆ ತೊಡಕನ್ನು ಬಿಡಿಸಲು 2009ರಲ್ಲಿ ಮತ್ತೊಂದು ಕಾಯ್ದೆ ಬರಬೇಕಾಯಿತು.

ಅದೇ ಅರಿಜೋನಾದ ಮೇಸಾ ನಗರದಲ್ಲಿ 2016ರಲ್ಲಿ ಪೊಲೀಸನೊಬ್ಬ ನಿರಾಯುಧನನ್ನು ಕೊಂದಾಗ ಅವನ ರೈಫಲ್ ಮೇಲೆ ಅಶ್ಲೀಲ ಬೆದರಿಕೆಯ ಮಾತು ಕೆತ್ತಿದ್ದು ಬಯಲಾಯಿತು. ಅದನ್ನು ಜ್ಯೂರಿಗೆ ತೋರಿಸಕೂಡದು ಎಂದು ನ್ಯಾಯಾಧೀಶರು ತಡೆದರು. ತಿಳಿವಳಿಕೆಗಿಂತ ಪೂರ್ವಗ್ರಹವನ್ನೇ ಹೆಚ್ಚು ಬೆಳೆಸುವ ಸಾಕ್ಷ್ಯವನ್ನು ಹೊರಗಿಡುವ ಅಧಿಕಾರ ಅಮೆರಿಕದ ನ್ಯಾಯಾಧೀಶರಿಗೆ ಉಂಟು. ಪೊಲೀಸನಿಗೆ ಸಿಕ್ಕ ಈ ಕಾವಲು ಚಾರಣಕ್ಕೆ ಹೋದ ಮೇಷ್ಟ್ರಿಗೆ ಸಿಗಲಿಲ್ಲ.

■ ಮನೆಯಲ್ಲೇ ತುಂಬಿದ ತೋಟಾ
*ಖಾಲಿ ಕೋಶಕ್ಕೆ ತಾವೇ ಮದ್ದು ತುಂಬಿ ತೋಟಾ ಮಾಡಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ವ್ಯಾಪಕ. ಕೋರ್ಟಿನಲ್ಲಿ ಅದು ಬೇರೆಯೇ ತಲೆನೋವು. ಎಷ್ಟು ದೂರದಿಂದ ಹೊಡೆದದ್ದು ಎಂಬುದನ್ನು ಪ್ರಯೋಗಾಲಯ ಹೇಳುವುದು ಬಟ್ಟೆ, ಚರ್ಮದ ಮೇಲೆ ಬಿದ್ದ ಮದ್ದಿನ ಕಣಗಳಿಂದ. ಅದಕ್ಕೆ ಅಂಥದೇ ತೋಟಾದಿಂದ ಹೊಡೆದು ಹೋಲಿಸಬೇಕು. ಕಾರ್ಖಾನೆಯ ತೋಟಾ ಆದರೆ ಅದೇ ಬಗೆಯದನ್ನು ತರಿಸಿ ಪರೀಕ್ಷಿಸಬಹುದು. ಮನೆಯದರಲ್ಲಿ ಎಷ್ಟು ಮದ್ದಿತ್ತು ಎನ್ನುವುದಕ್ಕೆ ಆರೋಪಿಯ ಮಾತೇ ಆಧಾರ. 1989ರಲ್ಲಿ ನ್ಯೂಜೆರ್ಸಿಯಲ್ಲಿ ಒಬ್ಬ ಮಹಿಳೆ ಗುಂಡೇಟಿನಿಂದ ಸತ್ತಾಗ, ಆತ್ಮಹತ್ಯೆಯೋ ಗಂಡ ಹೊಡೆದದ್ದೋ ಎಂಬ ಪ್ರಶ್ನೆ ಇಂಥ ಹಗುರ ಮದ್ದಿನ ತೋಟಾದ ಸುತ್ತಲೇ ವರ್ಷಗಟ್ಟಲೆ ಸುತ್ತಿತು. ಆತ್ಮರಕ್ಷಣೆಯಲ್ಲಿ ‘ಅವನು ನನ್ನ ಮೈಮೇಲೇ ಬಿದ್ದಿದ್ದ’ ಎನ್ನುವವನ ಹಣೆಬರಹವೂ ಇದೇ ದೂರದ ಅಳತೆಯಲ್ಲಿರುತ್ತದೆ.*

ಹೊಳೆ ದಾಟಿದರೆ ಅಪರಾಧ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಾಲೋ ಪಾಯಿಂಟ್ ಕಾನೂನುಬದ್ಧ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ನ್ಯೂಜೆರ್ಸಿಯ ಕಾನೂನು ಬೇರೆ. ಅಲ್ಲಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಅಂಗಡಿಯಿಂದ ಮನೆಗೆ, ಮನೆಯಿಂದ ಶೂಟಿಂಗ್ ರೇಂಜ್‌ಗೆ ಒಯ್ಯಬಹುದು. ಹಾಗೆಯೇ ತುಂಬಿಕೊಂಡು ಬೀದಿಯಲ್ಲಿ ಓಡಾಡಿದರೆ ಅದೇ ಒಂದು ಅಪರಾಧ. ಡೆಲವೇರ್ ಹೊಳೆಯ ಆಚೆ ದಡದ ಪೆನ್ಸಿಲ್ವೇನಿಯಾದಲ್ಲಿ ಈ ನಿರ್ಬಂಧ ಇಲ್ಲ. ಅಂದರೆ ನ್ಯೂಜೆರ್ಸಿಯಲ್ಲಿ ಹಲ್ಲೆಕೋರನಿಂದ ಪಾರಾಗಲು ಸರಿಯಾಗಿಯೇ ಗುಂಡು ಹೊಡೆದವನೂ ತೋಟಾದ ಕಾರಣಕ್ಕೆ ಬೇರೆ ಆರೋಪ ಎದುರಿಸಬೇಕಾಗಬಹುದು.

ಅಮೆರಿಕದ ಕೋರ್ಟುಗಳಲ್ಲಿ ತಜ್ಞ ಸಾಕ್ಷಿಯಾಗಿ ದಶಕಗಳ ಕಾಲ ನಿಂತ ಮಸಾದ್ ಅಯೂಬ್ ಕೊಡುತ್ತ ಬಂದ ಸಲಹೆ ಹೀಗಿದೆ: ನಿಮ್ಮೂರಿನ ಪೊಲೀಸರು ಬಳಸುವ ಕಾರ್ಖಾನೆಯ ತೋಟಾವನ್ನೇ ಬಳಸಿ. ಇದನ್ನೇ ಯಾಕೆ ಆರಿಸಿದೆ ಎಂದು ವಕೀಲ ಕೇಳಿದರೆ ಉತ್ತರ ಸಿದ್ಧವಿರುತ್ತದೆ. ವ್ಯಾಪಾರಿಗಳು ಮಾತ್ರ ಎದುರು ದಿಕ್ಕಿಗೆ ಎಳೆಯುತ್ತಾರೆ. ಹಾರ್ನಡಿ ಕಂಪನಿ ‘ಝಾಂಬಿ ಮ್ಯಾಕ್ಸ್’ ಎಂಬ ತೋಟಾ ಮಾರಿತು. 2014ರಲ್ಲಿ ಇನ್ನೊಂದು ಕಂಪನಿ ಸಮಾಧಿಯ ಮೇಲೆ ಕೆತ್ತುವ ‘ಆರ್‌ಐಪಿ’ಯನ್ನೇ ತೋಟಾದ ಹೆಸರಾಗಿಸಿತು. ಇಂಥ ಡಬ್ಬಿಯೊಂದನ್ನು ಜ್ಯೂರಿಯ ಎದುರು ಎತ್ತಿ ಹಿಡಿದರೆ ಸಾಕು, ಉಳಿದದ್ದನ್ನು ಹೆಸರೇ ಹೇಳುತ್ತದೆ. ಮೋಜಿಗೆ ಹೆಸರಿಟ್ಟ ಕಂಪನಿಯವರು ಆ ದಿನ ಕಟಕಟೆಯಲ್ಲಿ ಇರುವುದಿಲ್ಲ.

ನಮ್ಮಲ್ಲಿ ಕೇಳುವುದು ಏನು?

ನಮ್ಮಲ್ಲಿ ಜ್ಯೂರಿ ಇಲ್ಲ, ಬಂದೂಕು ಸುಲಭಕ್ಕೆ ಸಿಗುವುದೂ ಇಲ್ಲ. ಆದರೆ ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಕೋವಿಗಳಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಉಂಟು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಇಲ್ಲಿ ಹೆಚ್ಚಾಗಿ ಇರುವುದು 12 ಬೋರಿನ ಕೋವಿ. ತೋಟಾದ ಆಯ್ಕೆ ಎಂದರೆ ಹಕ್ಕಿ ಹೊಡೆಯುವ ಸಣ್ಣ ಚರೆಯೋ, ಹಂದಿಗೆಂದು ಇಡುವ ದಪ್ಪ ಚರೆಯ ಎಲ್‌ಜಿಯೋ ಎಂಬಷ್ಟೇ. ದೂರ ಹೆಚ್ಚಿದಂತೆ ಚರೆ ಹರಡುತ್ತದೆ. ಗಾಯದ ಹರವು ನೋಡಿ ಎಷ್ಟು ದೂರದಿಂದ ಹೊಡೆದದ್ದು ಎಂದು ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ತಜ್ಞರು ಅಂದಾಜಿಸುತ್ತಾರೆ.

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ದಂಡ ಸಂಹಿತೆಯ 96ರಿಂದ 106. ಯಾವುದರಲ್ಲೂ ತೋಟಾದ ಪ್ರಸ್ತಾಪವಿಲ್ಲ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಷರತ್ತು ಇದೆ, ತೋಟಾ ಒಳಗೆ ಬರುವುದಾದರೆ ಆ ಬಾಗಿಲಿಂದಲೇ. ಆದರೆ ಪ್ರಾಣಭಯದಲ್ಲಿ ಇರುವವನ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ನಮ್ಮ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ತಂದೆಯ ಮೇಲೆ ಗಂಡಾಸ ಎಂಬ ಕೊಡಲಿಯಂಥ ಆಯುಧದ ಏಟು ಬಿದ್ದದ್ದನ್ನು ಕಂಡು ಪರವಾನಗಿ ಕೋವಿಯಿಂದ ಹೊಡೆದ ಮಗನನ್ನು ಖುಲಾಸೆ ಮಾಡಿ, ಈ ಹಕ್ಕಿನ ಹತ್ತು ಸೂತ್ರಗಳನ್ನು ಒಂದೆಡೆ ಬರೆದಿಟ್ಟಿತು.

ಎಲ್‌ಜಿ ತುಂಬಿದ ಕೋವಿಯಿಂದ ಕಳ್ಳನಿಗೆ ಹೊಡೆದ ತೋಟದ ಮಾಲೀಕನ ಮೊಕದ್ದಮೆ ನಮ್ಮ ಯಾವುದೇ ಸೆಷನ್ಸ್ ಕೋರ್ಟಿಗೆ ಬಂದರೂ ಪ್ರಿಟೋರಿಯಾ, ಅರಿಜೋನಾಗಳ ಎರಡೂ ದಾರಿ ಅಲ್ಲಿ ತೆರೆದೇ ಇರುತ್ತವೆ. ಓಡಿಹೋಗುತ್ತಿದ್ದವನ ಬೆನ್ನಿಗೆ ಬಿದ್ದ ದಪ್ಪ ಚರೆ, ಹೊಡೆದವನಿಗೆ ಏನು ಗೊತ್ತಿತ್ತು ಎಂಬುದನ್ನು ಹೇಳುತ್ತದೆ, ಹೇಳಲೇಬೇಕು. ಹಂದಿಗೆಂದು ಸಂಜೆ ತುಂಬಿಟ್ಟ ತೋಟಾ ರಾತ್ರಿ ಕತ್ತಿ ಹಿಡಿದು ನುಗ್ಗಿದವನಿಗೆ ತಗುಲಿದರೆ, ಹೊಡೆದವನ ಗುಣದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಸದ್ಭಾವನೆಯಿಂದ, ಪೂರ್ವಯೋಜನೆಯಿಲ್ಲದೆ ರಕ್ಷಣೆಯ ಹಕ್ಕು ಮೀರಿದ್ದರೆ ಸಂಹಿತೆಯ 101ನೇ ಕಲಮಿನ ಎರಡನೇ ಅಪವಾದದಡಿ ಅದು ಕೊಲೆಯಲ್ಲ. ಕೊಲೆಗೆ ಮರಣದಂಡನೆ ಇಲ್ಲವೇ ಜೀವಾವಧಿ. ಕೊಲೆ ಎನಿಸದ ನರಹತ್ಯೆಗೆ, ಕೊಲ್ಲುವ ಉದ್ದೇಶ ಇರದೆ ಸಾವು ಬರಬಹುದೆಂಬ ಅರಿವಷ್ಟೇ ಇದ್ದ ಸಂದರ್ಭದಲ್ಲಿ, 105ನೇ ಕಲಮಿನ ಪ್ರಕಾರ ಹೆಚ್ಚೆಂದರೆ ಹತ್ತು ವರ್ಷ. ಈ ಎರಡರ ನಡುವಿನ ಅಂತರವನ್ನು ಅಳೆಯುವ ದಿನ ಆ ತೋಟಾ ಕೋವಿಯೊಳಗೆ ಯಾಕಿತ್ತು ಎಂದು ಆರೋಪಿಯ ಬಾಯಿಂದಲೇ ಕೇಳಿಸಿಕೊಳ್ಳಬೇಕು. ಅದನ್ನು ಕೇಳುವಂತೆ ಮಾಡುವ ಹೊಣೆ ಅವನ ವಕೀಲರದು.